ಅಲ್ಲಿಂದ ಉತ್ತರಕ್ಕೆ... ಎಲ್ಲಿಯವರೆಗೆ?

ನೆಲದ ಮೇಲೆ ಗಡಿ ಇರುತ್ತೆ, ನಕ್ಷೆ ಅದನ್ನ ತೋರಿಸುತ್ತೆ. ಶಾಲೆಯಲ್ಲಿ ನಾವೆಲ್ಲ ಕಲಿತಿದ್ದು ಹೀಗೇ ತಾನೆ? ಸಿಯಾಚೆನ್ ಕಥೆ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಗೆರೆ ಮೊದಲು ಬಂತು, ಸೈನಿಕರು ಆಮೇಲೆ.

1949ರ ಕರಾಚಿ ಒಪ್ಪಂದದಲ್ಲಿ ಕದನವಿರಾಮ ರೇಖೆ ಗುರುತಿಸುತ್ತಾ ಹೋದವರು ಎನ್‌ಜೆ 9842 ಅನ್ನೋ ಬಿಂದುವಿಗೆ ಬಂದು ನಿಂತರು. ಮುಂದಕ್ಕೆ ಬರೆದದ್ದು ಇಷ್ಟೇ: ಅಲ್ಲಿಂದ ಉತ್ತರಕ್ಕೆ, ಹಿಮನದಿಗಳವರೆಗೆ. ಜನವೇ ಇಲ್ಲದ ಮಂಜಿನ ಮೇಲೆ ಗೆರೆ ಎಳೆದು ಏನಾಗಬೇಕು ಅಂದುಕೊಂಡಿರಬೇಕು. 1972ರಲ್ಲಿ ನಿಯಂತ್ರಣ ರೇಖೆ ಗುರುತಿಸುವಾಗಲೂ ಅಲ್ಲಿಗೇ ನಿಲ್ಲಿಸಿದರು.

ಖಾಲಿ ಜಾಗ ಕಂಡರೆ ನಕ್ಷೆ ಮಾಡೋರ ಕೈ ಸುಮ್ಮನಿರಲ್ಲ ಅನ್ಸುತ್ತೆ. 1960ರ ದಶಕದ ಕೊನೆಗೆ ಅಮೆರಿಕ ಸರ್ಕಾರದ ನಕ್ಷೆಗಳಲ್ಲಿ ಆ ಬಿಂದುವಿನಿಂದ ಕಾರಕೋರಂ ಪಾಸ್‌ಗೆ ಸೀದಾ ಒಂದು ಗೆರೆ ಬಂತು. ಉತ್ತರಕ್ಕಲ್ಲ ಸ್ವಾಮಿ, ಈಶಾನ್ಯಕ್ಕೆ! ಭಾರತ-ಪಾಕಿಸ್ತಾನದ ಯಾವ ಒಪ್ಪಂದದಲ್ಲೂ ಇಲ್ಲದ ಗೆರೆ. ಅಟ್ಲಾಸ್‌ಗಳು ಅದನ್ನೇ ನಕಲು ಹೊಡೆದವು, ಸಿಯಾಚೆನ್ ಪಾಕಿಸ್ತಾನದ ಕಡೆ ಬಿತ್ತು. ಅತ್ತ ವಿದೇಶಿ ಪರ್ವತಾರೋಹಿಗಳು ಪಾಕಿಸ್ತಾನದ ಪರ್ಮಿಟ್ ಹಿಡಿದು ಹತ್ತುತ್ತಿದ್ದರು. ಇಂಥದ್ದೊಂದು ನಕ್ಷೆ ಕರ್ನಲ್ ನರೇಂದ್ರ ಕುಮಾರ್ ಕಣ್ಣಿಗೆ ಬಿತ್ತು. 1978ರಲ್ಲಿ ಅವರು ಅಲ್ಲಿಗೆ ತಂಡ ಕಟ್ಟಿಕೊಂಡು ಹೋದರು. 1984ರ ಏಪ್ರಿಲ್ 13ಕ್ಕೆ ಆಪರೇಷನ್ ಮೇಘದೂತ.

ನಕ್ಷೆಯೊಂದೇ ಕಾರಣ ಅಂತಲ್ಲ, ಎರಡೂ ಕಡೆ ಬೇರೆ ಲೆಕ್ಕಾಚಾರಗಳೂ ಇದ್ದವು. ಆದರೆ ಅಲ್ಲಿ ಗುಂಡಿಗಿಂತ ಹಿಮಕ್ಕೆ ಸತ್ತವರೇ ಹೆಚ್ಚು. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಿರಬೇಕಲ್ಲ? 2016ರ ಫೆಬ್ರುವರಿಯಲ್ಲಿ ಆರು ದಿನ ಹಿಮದಡಿ ಜೀವ ಹಿಡಿದಿದ್ದವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಜೊತೆಗಿದ್ದ ಒಂಬತ್ತು ಜನರೂ ಉಳಿಯಲಿಲ್ಲ.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ, ಗೊತ್ತಿಲ್ಲ ಅಂತ ಖಾಲಿ ಬಿಡಬೇಕಾದ ಫೀಲ್ಡ್‌ಗೆ ಯಾರೋ ಡೀಫಾಲ್ಟ್ ವ್ಯಾಲ್ಯೂ ತುಂಬಿದ ಹಾಗಾಯ್ತು ಇದು. ಈಗಿನ ನಕ್ಷೆಗಳೇನು ಕಮ್ಮಿಯಿಲ್ಲ. ಗೂಗಲ್ ಮ್ಯಾಪ್ಸ್ ಕಾಶ್ಮೀರವನ್ನ ಭಾರತದಲ್ಲಿ ನೋಡುವವರಿಗೆ ಒಂದು ಥರ, ಹೊರಗಿನವರಿಗೆ ಇನ್ನೊಂದು ಥರ ತೋರಿಸುತ್ತೆ. (ಗಿರಾಕಿ ದೇವರು ನೋಡಿ!) ಓಪನ್‌ಸ್ಟ್ರೀಟ್‌ಮ್ಯಾಪ್‌ನವರ ನಿಯಮ, ನೆಲದ ಮೇಲೆ ಯಾರ ಹಿಡಿತವೋ ಅದೇ ಗಡಿ. ಇದು ಎಷ್ಟೋ ವಾಸಿ, ಆದರೂ ಹಿಡಿತ ಬೇರೆ, ಒಪ್ಪಿಗೆ ಬೇರೆ.

ಪ್ರತಿ ತುಂಡು ಗೆರೆ ಮೇಲೂ ಕ್ಲಿಕ್ ಮಾಡಿದರೆ ಯಾರು ಎಳೆದದ್ದು, ಯಾವ ವರ್ಷ, ಯಾರು ಒಪ್ಪಿದರು, ಈಗ ಅಲ್ಲಿ ನಿಂತಿರೋದು ಯಾರು ಅಂತ ಹೇಳೋ ನಕ್ಷೆ ನನಗೆ ಬೇಕು. ಒಪ್ಪಂದ ನಿಂತ ಕಡೆ ಗೆರೆಯೂ ನಿಲ್ಲಬೇಕು. ಕಾಗದದ ನಕ್ಷೆಯಲ್ಲಿ ಅಷ್ಟೆಲ್ಲ ಬರೆಯೋಕೆ ಜಾಗ ಇರಲಿಲ್ಲ, ಸರಿ. ಈಗೇನು ಅಡ್ಡಿ? ನಕ್ಷೆ, ಜಿಐಎಸ್ ಅಂತ ತಲೆಕೆಡಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ ಹೇಳಿ.