ಧಾರೆ ಎರೆದದ್ದು ಯಾರಿಗಾಗಿ?

ಬಂಧುಗಳೊಬ್ಬರ ಮನೆಯ ವಿವಾಹದಲ್ಲಿ ಧಾರೆಯ ನೀರು ಎರಡು ಸಲ ಹರಿಯಿತು: ಮೊದಲು ಮಂತ್ರಪೂರ್ವಕವಾಗಿ, ಅನಂತರ ಛಾಯಾಗ್ರಾಹಕನ ಕೋರಿಕೆಯಂತೆ. ಕನ್ಯಾಪಿತೃಗಳು ತುಂಬಿದ ಕಣ್ಣನ್ನು ಒರೆಸಿಕೊಂಡು, ಅವನು ತೋರಿದ ದಿಕ್ಕಿಗೆ ತಿರುಗಿ ನಕ್ಕರು. ಪುರೋಹಿತರು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು.

ಚಿತ್ರವೇ ಬೇಡವೆಂಬುದು ನನ್ನ ವಾದವಲ್ಲ. ಸುರುಳಿಯೊಂದಕ್ಕೆ 36 ಚಿತ್ರಗಳಷ್ಟೇ ದೊರೆಯುತ್ತಿದ್ದ ದಿನಗಳಲ್ಲಿ ಛಾಯಾಗ್ರಾಹಕನು ಕ್ರಿಯೆಗಾಗಿ ಕಾಯುತ್ತಿದ್ದನು. ಈಗ ಕ್ರಿಯೆಯೇ ಅವನಿಗಾಗಿ ಕಾಯುತ್ತಿದೆ.

ರಾತ್ರಿಯ ಆರತಕ್ಷತೆಯ ವಿಷಯ ಇನ್ನೂ ಗಂಭೀರ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆತನಗಳೇ ಚಿತ್ರೀಕರಣಕ್ಕೆಂದು ಬಯಲಿನಲ್ಲಿ ಪ್ರಖರ ದೀಪಗಳನ್ನು ನಿಲ್ಲಿಸುತ್ತವೆ. ಶಾಸ್ತ್ರವು ಚತುರಿಂದ್ರಿಯ ಜೀವಗಳೆಂದು ಎಣಿಸಿದ ಪತಂಗಗಳು ಆ ದೀಪಗಳ ಬುಡದಲ್ಲಿ ಸತ್ತು ಬಿದ್ದಿರುತ್ತವೆ. ಬೆಳಿಗ್ಗೆ ಪೊರಕೆಗೆ ಸಿಗುತ್ತವೆ. ಇದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆಯೆಂದು ಕೆಲವರು ಸಮಾಧಾನ ಹೇಳುತ್ತಾರೆ. ಅಡುಗೆಯ ಒಲೆಗೆ ಆ ಮಾತು ಸಲ್ಲಬಹುದು. ಹಗಲಿನಲ್ಲಿಯೇ ತೆಗೆಯಬಹುದಾದ ಚಿತ್ರಕ್ಕೆ ಹೇಗೆ ಸಲ್ಲುತ್ತದೆ? ರಾತ್ರಿಭೋಜನತ್ಯಾಗದ ಕಾರಣಗಳಲ್ಲಿ ದೀಪಕ್ಕೆ ಬಂದು ಬೀಳುವ ಜೀವಗಳ ರಕ್ಷಣೆಯೂ ಒಂದಲ್ಲವೇ?

ಮನೆಯವರನ್ನಷ್ಟೇ ದೂಷಿಸಿ ಫಲವಿಲ್ಲ. ಬಸದಿಗೆ ಸೇರಿದ ಸಭಾಭವನಗಳನ್ನು ಬಾಡಿಗೆಗೆ ಕೊಡುವವರು ನಮ್ಮ ಟ್ರಸ್ಟುಗಳು. ಅಡುಗೆಮನೆಯಲ್ಲಿ ಗಡ್ಡೆಗೆಣಸು ನಿಷೇಧಿಸುವ ಕರಾರುಪತ್ರಕ್ಕೆ ಇನ್ನೆರಡು ಸಾಲು ಸೇರಿಸುವುದು ಕಷ್ಟವೇ? ವೇದಿಕೆಯ ಮೇಲೆ ಛಾಯಾಗ್ರಾಹಕರು ಏರಕೂಡದು, ಕ್ರಿಯೆಯನ್ನು ಮರಳಿ ಮಾಡಿಸಕೂಡದು. ಸೂರ್ಯಾಸ್ತದ ಬಳಿಕ ಚಿತ್ರೀಕರಣದ ದೀಪ ಹಚ್ಚಕೂಡದು. ಬಾಡಿಗೆ ತಪ್ಪೀತೆಂಬ ಅಂಜಿಕೆಯಿದ್ದರೆ ವಿಶ್ವಸ್ತರು ಅದನ್ನು ವಾರ್ಷಿಕ ಸಭೆಯಲ್ಲಿ ಬಾಯಿಬಿಟ್ಟು ಹೇಳಲಿ.