ಕೇಬಲ್ ಒಳಗಿನ ಅಲ್ಯೂಮಿನಿಯಂ ಹಾಳೆ ಸಿಡಿಲನ್ನು ತಡೆಯುತ್ತದೆಯೇ?

ಶೃಂಗೇರಿ ತಾಲ್ಲೂಕಿನ ಕಿಗ್ಗ ಎಂದರೆ ಮಳೆಗಾಗಿ ಋಷ್ಯಶೃಂಗೇಶ್ವರನನ್ನು ಬೇಡಿಕೊಳ್ಳುವ ಊರು. ಅಲ್ಲಿ ಮಳೆಯ ಜೊತೆ ಸಿಡಿಲೂ ಬರುತ್ತದೆ. ಮಲೆನಾಡಿನ ತೋಟಗಳಲ್ಲಿ ಪಂಪ್ ಹಳ್ಳದ ಬಳಿ, ಟ್ಯಾಂಕ್ ಗುಡ್ಡದ ಮೇಲೆ ಇರುವುದು ಸಾಮಾನ್ಯ. ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಲೆಂದು ಸ್ಟಾರ್ಟರ್‌ವರೆಗೆ ಕಂಟ್ರೋಲ್ ವೈರ್ ಎಳೆಯುತ್ತಾರೆ. 'ಶೀಲ್ಡ್ ಇರುವ ಕೇಬಲ್ ಹಾಕಿದರೆ ಸಿಡಿಲಿನ ಭಯವಿಲ್ಲ' ಎಂಬ ಸಲಹೆ ನಿಮಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಶೀಲ್ಡ್ ಸುಳ್ಳಲ್ಲ, ಅದರ ಕೆಲಸ ಬೇರೆ. ಕರೆಂಟಿನ ಕೇಬಲ್ ಮತ್ತು ಕಂಟ್ರೋಲ್ ವೈರ್ ಒಂದೇ ಪೈಪಿನಲ್ಲಿ ದೂರದವರೆಗೆ ಹೋದರೆ, ಮುಟ್ಟದಿದ್ದರೂ ಒಂದರ ವೋಲ್ಟೇಜ್ ಇನ್ನೊಂದರಲ್ಲಿ ಸ್ವಲ್ಪ ಮೂಡುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ ಏರಿಳಿಯುವುದೇ ಇದಕ್ಕೆ ಕಾರಣ. ವೈರ್ ಉದ್ದವಾದಷ್ಟೂ ಕಾಟ ಹೆಚ್ಚು. ಟ್ಯಾಂಕ್ ತುಂಬಿ ಸ್ವಿಚ್ ಬಿಟ್ಟುಕೊಂಡರೂ ಸೂಕ್ಷ್ಮ ರಿಲೇ ಬಿಡದೆ ಹಿಡಿದುಕೊಂಡಿರಬಹುದು. ನೀರು ಉಕ್ಕಿ ಹರಿಯುತ್ತದೆ, ಬೈಗುಳ ಪಂಪಿಗೆ!

ವೈರ್‌ಗಳ ಸುತ್ತ ಲೋಹದ ಹಾಳೆಯೋ ತಾಮ್ರದ ಹೆಣಿಗೆಯೋ ಇದ್ದರೆ ಆ ಪ್ರಭಾವ ಅದರ ಮೇಲೆ ಬಿದ್ದು ಭೂಮಿಗೆ ಇಳಿಯುತ್ತದೆ. ಮೈಕೆಲ್ ಫ್ಯಾರಡೆ 1836ರಲ್ಲಿ ಲೋಹದ ಪಂಜರದಿಂದ ತೋರಿಸಿದ್ದೂ ಇದೇ ತತ್ವ. ಆದರೆ ಅರ್ತ್ ಮಾಡದ ಶೀಲ್ಡ್‌ನಿಂದ ಹೆಚ್ಚು ಪ್ರಯೋಜನವಿಲ್ಲ. ಹಾಳೆಗೆ ತಾಗಿಕೊಂಡಿರುವ ತೆಳು ಬರಿ ತಂತಿ ಇರುವುದೇ ಅರ್ತ್ ಮಾಡಲು. ಬೇಡದ ತಂತಿ ಎಂದು ಕತ್ತರಿಸಿದರೆ ದುಬಾರಿ ಕೇಬಲ್ ಕೊಂಡದ್ದೇ ದಂಡ.

ಇಂಥ ನಿಧಾನ ಸಿಗ್ನಲ್‌ಗೆ ಸ್ಟಾರ್ಟರ್ ಬದಿಯ ಒಂದೇ ತುದಿಯಲ್ಲಿ ಅರ್ತ್ ಮಾಡುವುದು ರೂಢಿ. ಗುಡ್ಡದ ಮೇಲಿನ ಮತ್ತು ಕೆಳಗಿನ ನೆಲದ ವೋಲ್ಟೇಜ್ ಒಂದೇ ಇರಬೇಕೆಂದಿಲ್ಲ. ಎರಡೂ ಕಡೆ ಜೋಡಿಸಿದರೆ ಶೀಲ್ಡ್‌ನಲ್ಲೇ ಕರೆಂಟು ಹರಿದು ಹೊಸ ಕಾಟ ಶುರುವಾಗಬಹುದು. ವೇಗ ಬದಲಿಸುವ ಡ್ರೈವ್‌ನಿಂದ ಮೋಟರ್‌ಗೆ ಹೋಗುವ ಶೀಲ್ಡ್ ಕೇಬಲ್‌ನ ಲೆಕ್ಕ ಬೇರೆ, ಅದಕ್ಕೆ ಸಾಮಾನ್ಯವಾಗಿ ಎರಡೂ ತುದಿ ಬೇಕು.

ಮೋಟರ್ ಕರೆಂಟಿನ ಕಾಂತಕ್ಷೇತ್ರವನ್ನಂತೂ ಈ ತೆಳು ಹಾಳೆ ತಡೆಯುವುದಿಲ್ಲ. ಅದಕ್ಕೆ ಜೋಡಿ ವೈರ್‌ಗಳನ್ನು ಹುರಿ ಹಾಕಬೇಕು. ಕರೆಂಟಿನ ಕೇಬಲ್‌ನಿಂದ ದೂರ ಎಳೆಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಇನ್ನು ಸಿಡಿಲು. ಅದರ ಕರೆಂಟು ಹತ್ತಾರು ಸಾವಿರ ಆಂಪಿಯರ್. ಕಾಗದದಷ್ಟು ತೆಳುವಾದ ಹಾಳೆ ಅದನ್ನು ಹೊರಲಾರದು. ಕಂಬದ ಲೈನಿನಿಂದಲೂ ನೆಲದಿಂದಲೂ ಅದು ಸ್ಟಾರ್ಟರ್‌ಗೆ ನುಗ್ಗಬಲ್ಲದು. ಸರ್ಜ್ ತಡೆಯುವ ಸಾಧನ ಮತ್ತು ಸರಿಯಾದ ಅರ್ತಿಂಗ್ ಬೇಕು, ಎರಡನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಗುಡುಗು ಶುರುವಾದ ಮೇಲೆ ವೈರ್ ಬಿಚ್ಚಲು ಮಾತ್ರ ಹೋಗಬೇಡಿ.