ರಾತ್ರಿಯಿಡೀ ನಡೆದ ಕಾದಂಬರಿ

ದೊಡ್ಡ ಕಾದಂಬರಿಯೊಂದನ್ನು ನಾಟಕ ಮಾಡುತ್ತಾರಂತೆ ಎಂದು ಕೇಳಿದೊಡನೆ ಅದನ್ನು ಓದಿ ಮೆಚ್ಚಿದವರಿಗೆ ಮೊದಲು ಹುಟ್ಟುವುದು ಅನುಮಾನ. ಎಷ್ಟು ಕತ್ತರಿಸುತ್ತಾರೋ, ಯಾರನ್ನು ಕೈಬಿಡುತ್ತಾರೋ!

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ವಿಷಯದಲ್ಲಂತೂ ಈ ಅನುಮಾನ ಸಹಜವೇ. 1967ರಲ್ಲಿ ಪ್ರಕಟವಾದ ಈ ಬೃಹತ್ ಕೃತಿಯಲ್ಲಿ ಹಿಡಿದುಕೊಳ್ಳೋಣವೆಂದರೆ ಒಬ್ಬ ನಾಯಕನಿಲ್ಲ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ ಹೀಗೆ ಜೋಡಿ ಜೋಡಿಯಾಗಿ ಕತೆ ಕವಲೊಡೆಯುತ್ತದೆ. ಸುತ್ತ ಒಡೆಯರಿದ್ದಾರೆ, ಜೀತದಾಳುಗಳಿದ್ದಾರೆ, ಪಾದ್ರಿಯಿದ್ದಾನೆ, ಮಲೆನಾಡಿಗೆ ಹೊಸದಾಗಿ ಬಂದ ಬೈಸಿಕಲ್ಲಿದೆ. ಗುತ್ತಿಯ ನಾಯಿ ಹುಲಿಯನಿಗೂ ಇಲ್ಲಿ ಮನುಷ್ಯರಷ್ಟೇ ಸ್ಥಾನ. ಯಾರು ಮುಖ್ಯ, ಯಾರು ಅಲ್ಲ ಎಂದು ವಿಂಗಡಿಸಲು ಕುವೆಂಪು ಒಪ್ಪುವುದೇ ಇಲ್ಲ.

ಇಂಥ ಕೃತಿಯನ್ನು 2010ರಲ್ಲಿ ಮೈಸೂರಿನ ರಂಗಾಯಣ ಕೈಗೆತ್ತಿಕೊಂಡಿತು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು, ನಿರ್ದೇಶನ ಸಿ. ಬಸವಲಿಂಗಯ್ಯ ಅವರದು. ನಾಟಕದ ಅವಧಿ ಸುಮಾರು ಒಂಬತ್ತು ಗಂಟೆ! ರಾತ್ರಿ ಊಟದ ಹೊತ್ತಿಗೆ ಕೂತವರು ಏಳುವುದು ಬೆಳಗಿನ ಜಾವಕ್ಕೆ. ಏಳುವುದು ಎಂದೆನಲ್ಲ, ನಡುವೆಯೂ ಏಳಬೇಕು. ಬಯಲಲ್ಲಿ ಬೇರೆ ಬೇರೆ ಕಡೆ ರಂಗಸ್ಥಳಗಳು. ಕತೆ ಜಾಗ ಬದಲಿಸಿದಾಗ ಪ್ರೇಕ್ಷಕರೂ ಎದ್ದು ಅತ್ತ ನಡೆಯಬೇಕು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ಇದು ಹೀಗೆಯೇ ನಡೆಯಿತು.

ಇದು ಜನರನ್ನು ಸೆಳೆಯುವ ಚಮತ್ಕಾರವಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹಾಗನ್ನಿಸುವುದಿಲ್ಲ. ಪರದೆಯ ಮುಂದಿನ ಒಂದೇ ರಂಗಕ್ಕೆ ಒಂದು ನಡುವಿರುತ್ತದೆ. ಆ ನಡುವಿನಲ್ಲಿ ನಿಂತವನೇ ನಾಯಕ, ಮೂಲೆಯಲ್ಲಿ ನಿಂತವನು ಆಳು. ರಂಗಸ್ಥಳ ಒಂದಕ್ಕಿಂತ ಹೆಚ್ಚಾದಾಗ ಈ ನಡುವೇ ಕಳಚಿಬೀಳುತ್ತದೆ. ಹೆಗ್ಗಡೆಯ ಮನೆ ನೋಡಲು ಎಷ್ಟು ದೂರ ನಡೆಯುತ್ತೇವೋ ಆಳಿನ ಬಿಡಾರ ನೋಡಲೂ ಅಷ್ಟೇ ನಡೆಯಬೇಕು. ಕುವೆಂಪು ಪುಟಗಳಲ್ಲಿ ಹೇಳಿದ ಸಮಾನತೆಯನ್ನು ಇಲ್ಲಿ ಪ್ರೇಕ್ಷಕರ ಕಾಲುಗಳು ಅನುಭವಿಸುತ್ತವೆ.

ಇನ್ನು ರಾತ್ರಿ. ಬೇಡದ ಮದುವೆಯಿಂದ ಪಾರಾಗಲು ಚಿನ್ನಮ್ಮ ಕತ್ತಲಲ್ಲಿ ಕಾಡು ಹಿಡಿಯುತ್ತಾಳೆ. ದೀಪದ ಕೆಳಗೆ ಓದುವಾಗ ಆ ಕತ್ತಲನ್ನು ಊಹಿಸಿಕೊಳ್ಳುತ್ತೇವೆ. ಬಯಲಲ್ಲಿ ಕೂತವರಿಗೆ ಊಹೆಯ ಅಗತ್ಯ ಕಡಿಮೆ. ನಡುರಾತ್ರಿಯ ಗಾಳಿ, ಮಣ್ಣಿನ ವಾಸನೆ, ಕಣ್ಣೆಳೆಯುವ ನಿದ್ದೆ ಎಲ್ಲವೂ ನಾಟಕಕ್ಕೆ ಸೇರಿಕೊಳ್ಳುತ್ತವೆ. ನಮ್ಮವರಿಗೆ ಇದು ಹೊಸತೂ ಅಲ್ಲ. ಬಯಲಾಟ, ಯಕ್ಷಗಾನಗಳಿಗೆ ಬೆಳಗಿನವರೆಗೆ ಕೂತ ಜನ ನಾವು. ಆದರೆ ಅಲ್ಲಿ ರಾತ್ರಿಯಿಡೀ ಮೆರೆಯುವವರು ಹೆಚ್ಚಾಗಿ ಪುರಾಣದ ರಾಜರು, ದೇವತೆಗಳು. ಇಲ್ಲಿ ಆ ಇಡೀ ರಾತ್ರಿ ಸಿಂಬಾವಿಯ ಆಳು ಗುತ್ತಿಗೂ ದಕ್ಕಿತು. ಇದೇನು ಸಣ್ಣ ಮಾತಲ್ಲ.

ಮತ್ತೊಂದು ಲಾಭ ಭಾಷೆಯದು. ಮಲೆನಾಡಿನ ಆಡುಮಾತನ್ನು ಪುಟದ ಮೇಲೆ ಕಂಡಾಗ ಎಷ್ಟೋ ಓದುಗರು ತಡವರಿಸುತ್ತಾರೆ. ಅದೇ ಮಾತು ನಟನ ಬಾಯಲ್ಲಿ ಬಂದರೆ ಅರ್ಥಕೋಶ ಬೇಕಾಗುವುದಿಲ್ಲ. ರಾಗವೇ ಅರ್ಥ ಹೇಳುತ್ತದೆ.

ಹಾಗೆಂದು ಎಲ್ಲವೂ ರಂಗಕ್ಕೆ ಬರುತ್ತದೆಯೇ? ಇಲ್ಲ. ಗುತ್ತಿ ಕಾಡುದಾರಿಯಲ್ಲಿ ಒಬ್ಬನೇ ನಡೆಯುವಾಗ ಅವನ ಮನಸ್ಸಿನೊಳಗೆ ಓಡುವ ಯೋಚನೆಗಳನ್ನು, ಕಾಡನ್ನು ಕುರಿತ ಕುವೆಂಪು ಅವರ ನಿಧಾನದ ಬಣ್ಣನೆಯನ್ನು ಯಾವ ನಟನೂ ಪೂರ್ತಿ ತೋರಿಸಲಾರ. ತುಂಬಿ ಹರಿಯುವ ತುಂಗೆ, ಅದರಲ್ಲಿ ಕೊಚ್ಚಿಹೋಗುವ ಹುಲಿಯ ಓದುಗನ ಎದೆಯಲ್ಲಿ ಒಂದು ರೀತಿ, ರಂಗದಲ್ಲಿ ಇನ್ನೊಂದು ರೀತಿ. ಅಬ್ಬರ ಹೆಚ್ಚಾದಂತೆ ಇಂಥ ಮೌನಗಳು ಕಳೆದುಹೋಗುವ ಭಯ ಇದ್ದೇ ಇದೆ. ಒಂಬತ್ತು ಗಂಟೆ ಕೂತು ಬಂದೆವು ಎಂಬುದೇ ದೊಡ್ಡಸ್ತಿಕೆಯಾಗಿ, ನೋಡಿದ್ದು ಮರೆತುಹೋಗುವ ಅಪಾಯವೂ ಉಂಟು.

ಆದ್ದರಿಂದ ನಾಟಕ ಕಾದಂಬರಿಗೆ ಬದಲಿಯಾಯಿತೇ ಎಂದು ಕೇಳಬಾರದು. ಬೆಳಗಾದ ಮೇಲೆ ಮನೆಗೆ ಹೋಗಿ, ನಿದ್ದೆ ಮುಗಿಸಿ, ಎಷ್ಟು ಜನ ಪುಸ್ತಕ ತೆರೆದರು ಎಂದು ಕೇಳಬೇಕು. ಓದದವರು ಓದಿದರೆ, ಓದಿದವರು ಇನ್ನೊಮ್ಮೆ ಓದಿದರೆ ಆ ರಾತ್ರಿಯ ಜಾಗರಣೆ ಸಾರ್ಥಕ.